ಬೆಳಗಿದ ಹರಳು

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಗಣಿ ಕಡೆಯ ರೈಲಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅಪರೂಪದ ಕಲ್ಲು ಕೂಡಿಡುವ ಹವ್ಯಾಸದ ಬಿಳಿ ದೊರೆಯೊಬ್ಬ ಕೂತಿದ್ದ. ಹಳ್ಳಿಯ ಹೆಂಗಸೊಬ್ಬಳು ಅವನೆದುರು ಸೆರಗಿನ ಗಂಟು ಬಿಚ್ಚಿ ಜೇನುಬಣ್ಣದ ಹರಳೊಂದನ್ನು ತೆಗೆದಳು. ಇಬ್ಬರ ನಡುವೆ ಮಾತು ದಾಟಿಸುವ ಕೆಲಸ ನನಗೆ ಬಿತ್ತು.

"ಷೀಲೈಟ್," ಎಂದು ಆ ಖನಿಜದ ಹೆಸರು ಹೇಳಿದ ದೊರೆ. ಇಷ್ಟು ದೊಡ್ಡದನ್ನು ಅವನು ಈವರೆಗೆ ಕಂಡಿರಲಿಲ್ಲವಂತೆ. ಆದರೆ ಭೂತಗನ್ನಡಿ ಹಿಡಿದು ನೋಡಿದ ಮೇಲೆ ಅವನ ಮುಖ ಸಪ್ಪಗಾಯಿತು. ಅಂಚೆಲ್ಲ ಸವೆದಿತ್ತು, ಮೈತುಂಬ ಗೀರು. ಇಂಥ ಹರಳಿಗೆ ಬೆಲೆ ಬರುವುದು ಭೂಮಿಯಿಂದ ಬಂದ ಹಾಗೇ ಇದ್ದರೆ ಮಾತ್ರ. ಕೆಸರು ಮೆತ್ತಿದ್ದರೂ ಚಿಂತೆಯಿರಲಿಲ್ಲ, ಯಾಕೆ ಉಜ್ಜಿದೆ ಎಂದು ನನ್ನಿಂದ ಕೇಳಿಸಿದ.

"ಇತ್ತಾಳೆ ದೀಪ ಬೆಳಗೋ ಅಂಗೆ ಇಟ್ಟಿಗೆಪುಡಿ ಆಕಿ ಬೆಳಗಿದೆ ಸ್ವಾಮಿ," ಎಂದಳು. "ಚಾಂಪಿಯನ್ ರೀಫ್ಸ್ ಗಣೀಲಿ ಬಂಡೆ ಬಿದ್ದು ನಮ್ ಯಜಮಾನ್ರು ತೀರ್ಕಂಡ್ರು. ಮೇಲಕ್ಕೆ ತಂದಾಗ ಇದು ಅವರ ಮುಷ್ಟಿನಾಗಿತ್ತು. ಇದರ ಮೇಲೆ ಇದ್ದಿದ್ದು ಕೆಸರಲ್ಲ."

ದೊರೆ ನನ್ನ ಮುಖ ನೋಡಿದ. "ಆಕೆಗೆ ಗೊತ್ತಿರಲಿಲ್ಲವಂತೆ," ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದೆ.

ಅವಳು ಹರಳನ್ನು ವಾಪಸು ತೆಗೆದುಕೊಂಡಳು. ಗಂಟು ಹಾಕುವ ಮುನ್ನ ಸೆರಗಿನ ತುದಿಯಿಂದ ಅದನ್ನು ಇನ್ನೊಮ್ಮೆ ಒರೆಸಿದಳು.