ಯಲ್ಲವ್ವನ ಮನೆಯ ಮೋತ್ಯಾ

ಅಸಂಗಿಯ ಯಲ್ಲವ್ವನ ಗಂಡ ಭರಮಣ್ಣ ದೀಪಾವಳಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಹೋದರೆ ಮರಳುತ್ತಿದ್ದುದು ಮುಂಗಾರಿಗೆ. ೧೯೫೩ರಲ್ಲಿ ಹೊರಟಾಗ ಮುದಿ ನಾಯಿ ಮೋತ್ಯಾನನ್ನು ಮನೆಯಲ್ಲೇ ಬಿಟ್ಟ. ಹಿಂಗಾಲು ಸೋತಿದ್ದರಿಂದ ಅದಕ್ಕೆ ಹಿಂಡಿನ ಜೊತೆ ನಡೆಯಲಾಗುತ್ತಿರಲಿಲ್ಲ.

"ಇನ್ನೊಂದು ಹೊಟ್ಟಿ," ಎಂದಷ್ಟೇ ಯಲ್ಲವ್ವ ಅಂದಳು.

ಹಾಸಿಗೆ ಹಿಡಿದ ಅತ್ತೆ, ಒಂದೂವರೆ ವರ್ಷದ ಮಗಳು ಅಕ್ಕವ್ವ ಆಗಲೇ ಅವಳ ಪಾಲಿಗಿದ್ದರು. ಕೋಳಿ ಕೂಗುವ ಮೊದಲೇ ಬೀಸಬೇಕು, ಆಮೇಲೆ ನೀರು ತರಬೇಕು, ಹೊತ್ತೇರಿದರೆ ಅವರಿವರ ಹೊಲದಲ್ಲಿ ಜೋಳ ಕೀಳಬೇಕು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಗ್ಗಿ ಬಗ್ಗಿ ಅವಳ ನಡು ಸೋತುಹೋಗಿತ್ತು.

ಒಂದು ಮುಂಜಾನೆ ಮಗುವನ್ನು ಅಂಗಳದಲ್ಲಿ ಬಿಟ್ಟು ನೀರು ತಂದು, ಒಳಗೆ ಕೊಡ ಇಳಿಸುತ್ತಿದ್ದಾಗ ನೆರೆಮನೆಯ ರುಕ್ಮವ್ವ ಅಂಗಳದಿಂದ ಕೂಗಿದಳು: "ಯಲ್ಲವ್ವಾ, ಲಗೂನ ಬಾ. ಕೂಸಿನ ಕೈ ನಾಯಿ ಬಾಯಾಗೈತಿ."

ನಿಜವೇ. ಮಗುವಿನ ಮಣಿಕಟ್ಟು ಮೋತ್ಯಾನ ಹಲ್ಲುಗಳ ನಡುವೆ ಇತ್ತು. ಮೈದುನ ತುಕಾರಾಮ ಬಡಿಗೆ ಎತ್ತಿ ನಿಂತಿದ್ದ. ಆದರೆ ಮಗು ಅಳುತ್ತಿರಲಿಲ್ಲ. ಇನ್ನೊಂದು ಕೈಯ ಬೆರಳನ್ನು ನಾಯಿಯ ಕಿವಿಯೊಳಗೆ ತೂರಿಸುತ್ತಿತ್ತು. ನಾಯಿ ಕಣ್ಣು ಮುಚ್ಚಿ ನಡುಗುತ್ತಿತ್ತು.

"ತಡಿ ತುಕಾರಾಮ. ಹೊಡದ್ರ ಬಾಯಿ ಮುಚ್ಚತೈತಿ."

ಯಲ್ಲವ್ವ ನೆಲಕ್ಕೆ ಕುಳಿತು, "ಮೋತ್ಯಾ, ಬಿಡು," ಎಂದಳು. ನಾಯಿ ಬಾಯಿ ತೆರೆಯಿತು. ಮಗುವಿನ ಕೈ ತುಂಬ ಜೊಲ್ಲು, ಒಂದು ಗೀರೂ ಇಲ್ಲ. ನಾಯಿಯ ಕಿವಿ ಮಡಚಿ ನೋಡಿದರೆ ಕೀವಾದ ಗಾಯ, ಅದರಲ್ಲೊಂದು ಜಾಲಿ ಮುಳ್ಳು. ನೋವು ತಾಳದೆ ಅದು ಮಗುವಿನ ಕೈ ಹಿಡಿದು ಸರಿಸಲು ನೋಡಿತ್ತು, ಅಷ್ಟೇ.

"ಮೂಕ ಪ್ರಾಣಿ ವೈನಿ, ನಂಬೂದು ಹ್ಯಾಂಗ?" ಎಂದ ತುಕಾರಾಮ.

"ಅದರ ಜಾಗಾದಾಗ ನಾ ಇದ್ದಿದ್ರ ಕೂಸಿಗೆ ಒಂದು ಏಟು ಕೊಟ್ಟಿರ್ತಿದ್ದೆ."

ಸುಳ್ಳಲ್ಲ, ಹಿಂದಿನ ದಿನವೇ ಕೊಟ್ಟಿದ್ದಳು. ಅದು ನೆನಪಾಗಿ ಅವಳು ತಲೆ ತಗ್ಗಿಸಿದಳು.

ಮುಳ್ಳು ಕಿತ್ತು, ಅರಿಸಿನ ಬೆರೆಸಿದ ಎಣ್ಣೆ ಬಿಟ್ಟಳು. ಗಾಯ ಮಾಯುವವರೆಗೆ ಮಗುವನ್ನು ನಾಯಿಯ ಹತ್ತಿರ ಬಿಡಲಿಲ್ಲ. ಆಮೇಲೆ ಎರಡನ್ನೂ ಹೊಲಕ್ಕೆ ಕರೆದೊಯ್ದು, ಕಣ್ಣಿಗೆ ಕಾಣುವಂತೆ ಬದುವಿನ ಬೇವಿನ ಕೆಳಗೆ ಕೂಡಿಸುತ್ತಿದ್ದಳು. ಅಕ್ಕವ್ವ ನಾಯಿಯ ಮೈ ಹತ್ತುತ್ತಿದ್ದಳು, ಬಾಲ ಎಳೆಯುತ್ತಿದ್ದಳು, ಅದರ ಹೊಟ್ಟೆಗೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದಳು. ಅವಳು ಏಳುವವರೆಗೆ ಮೋತ್ಯಾ ಕದಲುತ್ತಿರಲಿಲ್ಲ.

ಅದು ಇನ್ನೆರಡು ವರ್ಷ ಬದುಕಿತು. ಸತ್ತ ದಿನ ಅಕ್ಕವ್ವ ಹೊತ್ತು ಮುಳುಗುವವರೆಗೆ ಅತ್ತಳು. ತುಕಾರಾಮ ತಾನಾಗಿ ಬಂದು ಗುಂಡಿ ತೋಡಿದ, ಯಲ್ಲವ್ವ ಮಣ್ಣೆಳೆದಳು. ಅವಳಿಗೆ ಅಳಲು ಪುರುಸೊತ್ತಿರಲಿಲ್ಲ. ಕೈ ತೊಳೆದು ರೊಟ್ಟಿ ಬಡಿಯಲು ಕುಳಿತಳು.