ಸಾಯಲು ಅಪ್ಪಣೆಯಿಲ್ಲದ ಅಜ್ಜ

ಕೊಪ್ಪದಲ್ಲಿ ನಾವು ಚಿತ್ರೀಕರಣಕ್ಕೆ ಹಿಡಿದಿದ್ದ ಲಲಿತಕ್ಕನ ಮನೆಯ ನಡುಕೋಣೆಯಲ್ಲಿ ಒಂದು ಬೀಟೆಯ ಮಂಚವಿತ್ತು. ಓದುಗ ಮಿತ್ರರೇ, ನನ್ನ ಮೊದಲ ಧಾರಾವಾಹಿಯ ಅಜ್ಜನನ್ನು ಅದರ ಮೇಲೆ ಮಲಗಿಸಿ ಕೊಲ್ಲಬೇಕೆಂದು, ನಿರ್ದೇಶಕನೂ ನಿರ್ಮಾಪಕನೂ ಒಬ್ಬನೇ ಆದವನ ಗತ್ತಿನಲ್ಲಿ ನಾನು ನಿರ್ಧರಿಸಿದ್ದೆ. ಎರಡು ಸಾವಿರದ ಇಸವಿಯ ಆಚೀಚಿನ ಆ ವರ್ಷಗಳಲ್ಲಿ ಕಥೆ ಕುಂಟಿದರೆ ಹಿರಿಯರೊಬ್ಬರನ್ನು ಸ್ವರ್ಗಕ್ಕೆ ಕಳಿಸುವುದು ನಮ್ಮ ದಂಧೆಯ ರೂಢಿ. ಅಜ್ಜನ ಪಾತ್ರದ ಶ್ರೀಪತಿರಾಯರು ನರಸಿಂಹರಾಜಪುರದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ ಹಳೆಯ ನಾಟಕದ ನಟರು. ಪಾತ್ರ ಸತ್ತರೆ ಅವರಿಗೆ ಕೆಲಸವಿಲ್ಲ, ಆ ವಯಸ್ಸಿನಲ್ಲಿ ಇನ್ನೊಬ್ಬರು ಕರೆಯುವುದೂ ಇಲ್ಲ. ಅದು ನನಗೆ ಗೊತ್ತಿತ್ತು; ಗೊತ್ತಿಲ್ಲದವನಂತೆ ಹೂವಿನ ಹಾರ ತರಿಸಿದೆ.

ಹಾರ ಕಂಡದ್ದೇ ಲಲಿತಕ್ಕ ಅಡುಗೆಮನೆಯಿಂದ ಬಂದು ಬಾಗಿಲಿಗೆ ಅಡ್ಡ ನಿಂತರು.

"ಎಂತ ಮಾರಾಯ್ರೇ ಇದು? ದೀಪ ಹಚ್ಚೋ ಮನೆ. ಸುಳ್ಳಿಗೂ ಇಲ್ಲಿ ಹೆಣ ಮಲಗಿಸೋಕೆ ನಾ ಬಿಡೋದಿಲ್ಲ."

ನಟನೆ ಎಂದೆ, ಕಲೆ ಎಂದೆ, ಜಗಲಿಯಲ್ಲಾದರೂ ಸಾಯಲಿ ಎಂದು ಚೌಕಾಸಿಗಿಳಿದೆ. ಜಗಲಿಯೂ ಮನೆಯೇ ಎಂದರು. ಶೃಂಗೇರಿಯ ಹೊಳೆದಂಡೆಗೆ ಒಯ್ಯೋಣವೆಂದರೆ, ಹಾಸಿಗೆ ಹಿಡಿದ ಮುದುಕ ಅಷ್ಟೆಲ್ಲ ತಿರುವು ದಾಟಿ ಅಲ್ಲಿಗೇ ಸಾಯಲು ಹೋದದ್ದೇಕೆಂದು ವೀಕ್ಷಕರನ್ನು ನಂಬಿಸುವಷ್ಟು ಪ್ರತಿಭೆ ನನ್ನಲ್ಲಿರಲಿಲ್ಲ. ಸೋತು, ಅಜ್ಜನನ್ನು ಕೋಮಾಕ್ಕೆ ದೂಡಿದೆ.

ರಾಯರು ಪಾತ್ರದಲ್ಲಿ ಎಷ್ಟು ತನ್ಮಯರಾದರೆಂದರೆ ಗೊರಕೆಯನ್ನೇ ಹೊಡೆಯತೊಡಗಿದರು. ಶಾಟ್‌ಗಳ ನಡುವೆ ಲಲಿತಕ್ಕ ರೋಗಿಯನ್ನು ಎಬ್ಬಿಸಿ, ಬಿಸಿ ಕಡುಬು ತಿನ್ನಿಸಿ, ಮತ್ತೆ ಪ್ರಜ್ಞೆ ತಪ್ಪಲು ಕಳಿಸುತ್ತಿದ್ದರು. ಕೋಮಾದಲ್ಲಿದ್ದ ಅಜ್ಜ ಕಂತಿನಿಂದ ಕಂತಿಗೆ ದಪ್ಪಗಾಗುತ್ತಿದ್ದ.

ಹುಟ್ಟುಸಾವುಗಳನ್ನು ಲೇಖನಿಯ ತುದಿಯಲ್ಲಿ ಆಡಿಸುವವನಿಗೆ ತಾನೇ ಬ್ರಹ್ಮನೆಂಬ ಭ್ರಮೆ ಬರುವುದು ಸಹಜ. ನನಗೂ ಬಂದಿತ್ತು. ನನ್ನ ಮೇಲಧಿಕಾರಿ ಅಡುಗೆಮನೆಯಲ್ಲಿದ್ದಾರೆಂದು ತಿಳಿದ ಮೇಲೆ, ನಾಚಿಕೆಯ ಜೊತೆಗೆ ಒಂದು ಬಗೆಯ ನಿರಾಳವೂ ಆಯಿತು. ರಾಯರ ಮುಖ ನೋಡಲು ಮೊದಲಿನಷ್ಟು ಕಷ್ಟವಾಗುತ್ತಿರಲಿಲ್ಲ.

ಎರಡು ವರ್ಷದ ಮೇಲೆ ವಾಹಿನಿಯವರು ಧಾರಾವಾಹಿ ಮುಗಿಸಲು ಹೇಳಿದರು. ಕೊನೆಯ ದೃಶ್ಯ ಮೊಮ್ಮಗಳ ಮದುವೆ. ಅಜ್ಜ ಹಿಂಬದಿಯಲ್ಲಿ ಕಣ್ಣುಮುಚ್ಚಿ ಮಲಗಿದ್ದರೆ ಸಾಕಿತ್ತು. ಕ್ಯಾಮೆರಾ ನಡೆಯುತ್ತಿರುವಾಗಲೇ ರಾಯರು ಎದ್ದು ಕುಳಿತರು. ವಧುವನ್ನು ಹರಸುವುದು ಬಿಟ್ಟು ನನ್ನನ್ನೇ ನೋಡಿದರು.

"ನಾಳೆ ಎಷ್ಟು ಹೊತ್ತಿಗೆ ಬರಲಿ?"

ಆ ಸಾಲು ನಾನು ಬರೆದದ್ದಲ್ಲ. ಕಟ್ ಎನ್ನಬೇಕಿದ್ದವನು, ಎಂದಿನ ಹೊತ್ತಿಗೇ ಬನ್ನಿ ಎಂದುಬಿಟ್ಟೆ. ಮರುದಿನ ಅವರು ಬಂದೂಬಿಟ್ಟರು. ಬೇರೆ ದಾರಿ ಕಾಣದೆ ಅವರನ್ನು ಎದುರಿಗೆ ಕೂರಿಸಿಕೊಂಡು ಹೊಸ ಧಾರಾವಾಹಿಯ ಮೊದಲ ಪುಟ ಬರೆದೆ. ಅದರಲ್ಲಿ ಬರುವ ಅಜ್ಜ ಬಾಯಿ ಮುಚ್ಚುವುದೇ ಇಲ್ಲ.