ಮರಳಿನ ಓವನ್ನು, ಒಂಬತ್ತು ಅತಿಥಿಗಳು

ಕಳೆದ ಭಾನುವಾರ ನಮ್ಮ ಮನೆಗೆ ಒಂಬತ್ತು ಜನ ಊಟಕ್ಕೆ ಬಂದಿದ್ದರು. ನಾನು ಮಧ್ಯಾಹ್ನವೆಲ್ಲ ಬೆವರು ಸುರಿಸಿ, ಎರಡು ಬೆರಳು ಸುಟ್ಟುಕೊಂಡು ಮಾಡಿದ ಅಡುಗೆಯನ್ನು ಒಬ್ಬರೂ ಬಾಯಿಗಿಡಲಿಲ್ಲ.

ಉಪ್ಪು ಹೆಚ್ಚಾಗಿತ್ತೇ? ಇಲ್ಲ. ಸೀದುಹೋಗಿತ್ತೇ? ಅದೂ ಇಲ್ಲ. ಘಮಘಮ ಅನ್ನುತ್ತಿತ್ತು. ನಮ್ಮವರು ಎರಡು ಸಲ ಮುಚ್ಚಳ ತೆಗೆದು ನೋಡಿ ನನ್ನಿಂದ ಬೈಸಿಕೊಂಡಿದ್ದರು.

ಬಸವನಗುಡಿಯ ಕೂಡುಮನೆ ಬಿಟ್ಟು ನಾವಿಬ್ಬರು ಜಯನಗರಕ್ಕೆ ಬಂದು ಹತ್ತು ತಿಂಗಳಾಯಿತು. ಇದು ಈ ಅಂಕಣ ಓದುವ ನಿಮಗೆಲ್ಲ ಗೊತ್ತು. (ಬೇರೆ ಹೋಗೋಣ ಎಂದು ಮೂರು ವರ್ಷ ಹಟ ಹಿಡಿದವಳು ನಾನೇ ಎಂಬುದನ್ನು ಮಾತ್ರ ಇಲ್ಲಿಯವರೆಗೆ ಬರೆದಿರಲಿಲ್ಲ.) ಆ ಮನೆಯಲ್ಲಿ ಸ್ನಾನಕ್ಕೆ ಸರದಿ, ಕನ್ನಡಿಗೆ ಸರದಿ, ಅಳುವುದಕ್ಕೂ ಸರದಿ. ನನ್ನದೇ ಒಂದು ಅಡುಗೆಮನೆ ಇದ್ದರೆ ಸಾಕು ಅನ್ನಿಸುತ್ತಿತ್ತು.

ಈಗ ಇದೆ. ಎರಡು ಕಿಟಕಿ, ಕಡಪಾ ಕಲ್ಲಿನ ಕಟ್ಟೆ, ನಲ್ಲಿ ಎಲ್ಲ ಇದೆ. ಎಂಟು ಗಂಟೆಗೆ ನಮ್ಮವರು ಆಫೀಸಿಗೆ ಹೊರಟರೆ ಮತ್ತೆ ಮನೆ ಸೇರುವುದು ಸಂಜೆ ಆರೂವರೆಗೆ. ಅಲ್ಲಿಯವರೆಗೆ ನಾನು ಮಾತಾಡುವುದು ಪುಟ್ಟೇನಹಳ್ಳಿಯಿಂದ ಬುಟ್ಟಿ ಹೊತ್ತು ಬರುವ ತರಕಾರಿ ನಂಜಮ್ಮನ ಜೊತೆ ಮಾತ್ರ, ಅದೂ ಐದು ನಿಮಿಷ. ಎಡಕ್ಕೆ ಖಾಲಿ ಸೈಟು. ಬಲಕ್ಕೆ ಮರಳಿನ ರಾಶಿ, ಅರ್ಧ ಎದ್ದ ಗೋಡೆ. ಮಧ್ಯಾಹ್ನ ಮೂರರ ಹೊತ್ತಿಗೆ ಗಡಿಯಾರದ ಸದ್ದು ಕೇಳಿ ಕೇಳಿ ತಲೆ ಕೆಟ್ಟು, ಒಂದು ದಿನ ಅದಕ್ಕೆ ಕೀ ಕೊಡುವುದನ್ನೇ ಬಿಟ್ಟೆ.

ನನಗೆ ಒಂಟಿ ಅನ್ನಿಸುತ್ತಿದೆ. ಬರೆಯಲು ನಾಚಿಕೆ. ನಾನೇ ಕೇಳಿ ಪಡೆದದ್ದಲ್ಲವೇ?

ಅದಕ್ಕೇ ಎಲ್ಲರನ್ನೂ ಊಟಕ್ಕೆ ಕರೆದೆ. ಊಟವಾದ ಮೇಲೆ ಅತ್ತೆಯವರನ್ನು, ‘ಒಂದು ತಿಂಗಳು ಇಲ್ಲೇ ಇದ್ದುಬಿಡಿ’ ಎಂದು ಕೇಳಬೇಕೆಂದಿದ್ದೆ. ಮುನಿಸಿಕೊಂಡು ಬೇರೆ ಬಂದ ಸೊಸೆ ಹಾಗೆ ಸುಮ್ಮಸುಮ್ಮನೆ ಕೇಳುವುದಕ್ಕಾಗುತ್ತದೆಯೇ? ಮೊದಲು ಎಲ್ಲರ ಬಾಯಲ್ಲೂ ‘ಭೇಷ್’ ಅನ್ನಿಸಬೇಕು. ಹುಳಿ, ಪಲ್ಯದಲ್ಲಿ ವಾರಗಿತ್ತಿಯನ್ನು ಮೀರಿಸುವುದು ನನ್ನಿಂದಾಗದ ಕೆಲಸ. ಹೊಸದೇ ಏನಾದರೂ ಮಾಡಬೇಕಿತ್ತು.

ಅಂಗಡಿಯವನು ಕಡಲೆಬೇಳೆ ಕಟ್ಟಿಕೊಟ್ಟಿದ್ದ ಇಂಗ್ಲಿಷ್ ಪೇಪರಿನ ಚೂರಿನಲ್ಲಿ ಆ ಹೊಸದು ಸಿಕ್ಕಿತು. ಬೇಕ್ಡ್ ವೆಜಿಟೆಬಲ್! ಬೇಯಿಸಿದ ತರಕಾರಿ, ಅದರ ಮೇಲೆ ಹಾಲು-ಮೈದಾ-ಬೆಣ್ಣೆಯ ಬಿಳಿ ಸಾಸು, ಅದರ ಮೇಲೆ ಚೀಸು, ಬ್ರೆಡ್ಡಿನ ಪುಡಿ. ‘ಓವನ್ನಿನಲ್ಲಿಟ್ಟು’ ಎಂಬಲ್ಲಿಗೆ ಪೇಪರು ಹರಿದಿತ್ತು. ಎಷ್ಟು ಹೊತ್ತು ಇಡಬೇಕು? ಗೊತ್ತಿಲ್ಲ. ಓವನ್ನು ಎಲ್ಲಿದೆ? ಅದೂ ಗೊತ್ತಿಲ್ಲ.

ಶನಿವಾರವೇ ನಂಜಮ್ಮನ ಬುಟ್ಟಿ ಖಾಲಿ ಮಾಡಿದೆ. ಆಲೂಗಡ್ಡೆ, ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸು, ಸೀಮೆಬದನೆ. ಅವಳಿಗೋ ಖುಷಿ. “ತಗಳವ್ವ, ತಗಳಿ. ಬಸವನಗುಡಿ ಕಡೀಕೆ ಈಗ ಯಾಪಾರನೇ ಇಲ್ಲ. ನಿಮ್ಮೋರು ಯಾರೂ ಬುಟ್ಟಿ ಇಳಿಸಾಕೇ ಬಿಡಾಕಿಲ್ಲ” ಅಂದಳು. ಮಳೆಗೆ ಯಾರೂ ಬಾಗಿಲು ತೆಗೆಯುತ್ತಿಲ್ಲವೇನೋ ಅಂದುಕೊಂಡೆ. (ಎಂಥ ಬುದ್ಧಿವಂತೆ ನೋಡಿ ನಾನು.)

ಭಾನುವಾರ ತಲೆಗೆ ನೀರು ಹಾಕಿಕೊಂಡು ಮಡಿಯಲ್ಲೇ ಒಲೆ ಹಚ್ಚಿದೆ. ಅತ್ತೆಯವರು ತಿನ್ನಬೇಕಲ್ಲ? ಈರುಳ್ಳಿ ಹಾಕಲಿಲ್ಲ. ಚೀಸು ಬೇಡ, ಅದರ ಬದಲು ಎರಡು ದಿನ ಕೂಡಿಟ್ಟ ಹಾಲಿನ ಕೆನೆ. ಬೇಕರಿಯ ಬ್ರೆಡ್ಡು ಸಲ್ಲದು, ಅದರ ಬದಲು ತುಪ್ಪದಲ್ಲಿ ಹುರಿದ ರವೆ. ಇನ್ನು ಓವನ್ನು. ಪಕ್ಕದ ಸೈಟಿನಿಂದ ಹಿಂದಿನ ದಿನವೇ ಅರ್ಧ ಬುಟ್ಟಿ ಮರಳು ತಂದು (ಮಾಲೀಕರು ಕ್ಷಮಿಸಬೇಕು), ತೊಳೆದು ಒಣಗಿಸಿಟ್ಟಿದ್ದೆ. ಅದನ್ನು ದಪ್ಪ ಕಬ್ಬಿಣದ ಬಾಣಲೆಗೆ ಸುರಿದು ಇದ್ದಿಲೊಲೆಯ ಮೇಲಿಟ್ಟೆ. ಮರಳು ಕಾದ ಮೇಲೆ ಅದರೊಳಗೆ ಅಲ್ಯೂಮಿನಿಯಂ ಡಬ್ಬಿ ಹೂತು, ಮುಚ್ಚಳದ ಮೇಲೆ ಕೆಂಡ ಹರಡಿದೆ. ಮುಕ್ಕಾಲು ಗಂಟೆಯಾದ ಮೇಲೆ ತೆಗೆದು ನೋಡಿದರೆ ಮೇಲೆಲ್ಲ ಹೊಂಬಣ್ಣ, ಅಂಚಿನಲ್ಲಿ ಕೆನೆ ಗುಳುಗುಳು ಕುದಿಯುತ್ತಿದೆ. ಸತ್ಯ ಹೇಳುತ್ತೇನೆ, ಒಬ್ಬಳೇ ನಿಂತು ಚಪ್ಪಾಳೆ ತಟ್ಟಿದೆ.

ಎಂಟಕ್ಕೆ ಕೊನೆಯ ಬಸ್ಸಾದ್ದರಿಂದ ಆರಕ್ಕೇ ಎಲೆ ಹಾಕಿದ್ದಾಯಿತು. ಅತ್ತೆ, ಭಾವ, ವಾರಗಿತ್ತಿ, ಮೈದುನ, ಅವನ ಹೆಂಡತಿ, ನಾಲ್ಕು ಮಕ್ಕಳು. ಡಬ್ಬಿಯನ್ನು ನಡುವೆ ತಂದಿಟ್ಟು ಮುಚ್ಚಳ ತೆಗೆದೆ.

ಅತ್ತೆ ಬಗ್ಗಿ ನೋಡಿದರು. “ಏನೇನು ಹಾಕಿದೀಯಮ್ಮ ಇದರಲ್ಲಿ?”

ನಾನು ಹೆಮ್ಮೆಯಿಂದ ಹೇಳುತ್ತಾ ಹೋದೆ. ಆಲೂಗಡ್ಡೆ, ಹುರುಳಿಕಾಯಿ, ಕ್ಯಾರೆಟ್. ಒಂದೊಂದು ಹೆಸರಿಗೂ ವಾರಗಿತ್ತಿಯ ತಲೆ ಇನ್ನಷ್ಟು ಕೆಳಗಾಗುತ್ತಿತ್ತು. ನವಿಲುಕೋಸಿಗೆ ಬರುವಷ್ಟರಲ್ಲಿ ಅವಳ ಏಳು ವರ್ಷದ ಮಗಳಿಗೆ ತಡೆಯಲಾಗಲಿಲ್ಲ.

“ಚಿಕ್ಕಮ್ಮ, ಈಗ ಶಾಕವ್ರತ ಅಲ್ವಾ?”

ತಿಳಿಯದವರಿಗಾಗಿ ಹೇಳುತ್ತೇನೆ. ಆಷಾಢದಿಂದ ನಾಲ್ಕು ತಿಂಗಳ ಚಾತುರ್ಮಾಸ್ಯದಲ್ಲಿ ನಮ್ಮ ಜನ ತಿಂಗಳಿಗೊಂದು ಬಿಡುತ್ತಾರೆ. ಎರಡನೆಯ ತಿಂಗಳು ಮೊಸರು, ಮೂರನೆಯದರಲ್ಲಿ ಹಾಲು, ಕೊನೆಗೆ ಬೇಳೆಕಾಳು. ಮೊದಲನೆಯ ತಿಂಗಳು? ತರಕಾರಿ. ಇಡೀ ತಿಂಗಳು ಒಂದು ಹುರುಳಿಕಾಯಿಯನ್ನೂ ಮುಟ್ಟುವಂತಿಲ್ಲ. ವರ್ಷದಲ್ಲಿ ಹನ್ನೊಂದು ತಿಂಗಳು ಬಿಟ್ಟು ನಾನು ಆರಿಸಿಕೊಂಡದ್ದು ಅದೊಂದನ್ನೇ.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅತ್ತೆ ನಿಧಾನಕ್ಕೆ ಎದ್ದು, “ಇರಲಿ ಬಿಡು. ಬೇರೆ ಮನೆ ಅಂದ್ಮೇಲೆ ಅವರವರ ಪದ್ಧತಿ ಅವರವರಿಗೆ” ಅಂದರು.

ಆ ಮಾತು ಎಲ್ಲಿ ತಾಕಬೇಕೋ ಅಲ್ಲಿ ತಾಕಿತು. ಬೇಕೆಂದೇ ಬಿಟ್ಟಿದ್ದೇನೆ ಅಂದುಕೊಂಡರು! ‘ಇಲ್ಲ ಅತ್ತೆ, ಮರೆತೆ’ ಎನ್ನಲು ಹೊರಟೆ. ಅದರ ಬದಲು ಡಬ್ಬಿಯ ಮುಚ್ಚಳ ಮುಚ್ಚಿದೆ. ಮರೆತೆ ಅಂದರೆ ನಂಬುವವರು ಯಾರು? ಹದಿನಾಲ್ಕು ವರ್ಷ ಅದೇ ಮನೆಯಲ್ಲಿ ವ್ರತ ಹಿಡಿದವಳು.

ಆದರೆ ಆ ಹದಿನಾಲ್ಕು ವರ್ಷ ನಾನು ಒಮ್ಮೆಯೂ ನೆನಪಿಟ್ಟುಕೊಂಡವಳಲ್ಲ. ಇಟ್ಟುಕೊಳ್ಳಬೇಕಾಗಿಯೇ ಇರಲಿಲ್ಲ. ಏಕಾದಶಿಯ ಹಿಂದಿನ ಸಂಜೆ ಅತ್ತೆ ಪಂಚಾಂಗ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು, “ನಾಳಿದ್ದಿಂದ ತರಕಾರಿ ಇಲ್ಲ ಕಣ್ರೇ” ಅನ್ನುತ್ತಿದ್ದರು. ಅಲ್ಲಿಗೆ ಮುಗಿಯಿತು. ಇಲ್ಲಿ ಗೋಡೆಯ ಮೇಲಿರುವುದು ಆಫೀಸಿನವರು ಕೊಟ್ಟ ಕ್ಯಾಲೆಂಡರು. ಅದರಲ್ಲಿ ಜುಲೈ ಇದೆ, ಆಷಾಢ ಇಲ್ಲ.

ಆಮೇಲೆ ಆದದ್ದು ಇನ್ನೂ ವಿಚಿತ್ರ. ಅತ್ತೆ ಸೆರಗು ಸಿಕ್ಕಿಸಿಕೊಂಡು ನನ್ನ ಅಡುಗೆಮನೆಗೆ ನಡೆದರು. ಹಿಂದೆಯೇ ವಾರಗಿತ್ತಿ, ಅವಳ ಹಿಂದೆ ಮೈದುನನ ಹೆಂಡತಿ. “ಹೆಸರುಬೇಳೆ ಎಲ್ಲಿಟ್ಟಿದೀಯೇ?” “ಮೆಣಸು ಇದೆಯಾ, ಮುಗಿದುಹೋಗಿದೆಯಾ?” “ಅಯ್ಯೋ, ಈ ಸ್ಟೋವಿಗೆ ಪಂಪ್ ಹೊಡೆಯೋದು ಹೇಗೇ?” ಅವರೇ ಚೀಲದಲ್ಲಿ ತಂದಿದ್ದ, ವ್ರತಕ್ಕೆ ನಡೆಯುವ ಮಾವಿನಕಾಯಿ ಹೆಚ್ಚಿದರು. ಅರ್ಧ ಗಂಟೆಯಲ್ಲಿ ತೊವ್ವೆ, ಮೆಣಸಿನ ಸಾರು ತಯಾರು. ನಾನು ಹಿತ್ತಲ ಬಾಗಿಲಿಗೆ ಒರಗಿ ನಿಂತಿದ್ದೆ. ಹತ್ತು ತಿಂಗಳಲ್ಲಿ ಮೊದಲ ಸಲ ಆ ಅಡುಗೆಮನೆ ಇಕ್ಕಟ್ಟಾಗಿತ್ತು. ಅವಮಾನವಾದ ಹೊತ್ತಿನಲ್ಲಿ ಅಷ್ಟು ಸಂತೋಷವೂ ಆಗಬಹುದೆಂದು ನನಗೆ ಗೊತ್ತಿರಲಿಲ್ಲ.

ಏಳೂವರೆಗೆ ಎಲ್ಲರೂ ಉಂಡು ಬಸ್ ಸ್ಟಾಪಿಗೆ ಹೊರಟರು. ಕೇಳಬೇಕೆಂದಿದ್ದದ್ದನ್ನು ಕೇಳಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳಲಿ?

ಅವರನ್ನು ಬಸ್ಸು ಹತ್ತಿಸಿ ವಾಪಸು ಬಂದು ನೋಡಿದರೆ ಡಬ್ಬಿ ಅಲ್ಲೇ ಕೂತಿತ್ತು. ನಮ್ಮವರು ಚಮಚ ಹಿಡಿದು ಅದರ ಮುಂದೆ ಕೂತರು.

“ಮುಟ್ಟಬೇಡಿ. ವ್ರತ” ಅಂದೆ.

“ಮೊನ್ನೆಯಿಂದ ದಿನಾ ಬದನೆಕಾಯಿ ಹುಳಿ ತಿಂದಿದೀವಲ್ಲೇ!”

“ಅದು ಗೊತ್ತಿಲ್ಲದೆ ತಿಂದದ್ದು.”

ಬೆಳಗ್ಗೆ ಡಬ್ಬಿಯನ್ನೇ ನಂಜಮ್ಮನ ಕೈಗಿಟ್ಟೆ. ಮೆಟ್ಟಿಲ ಮೇಲೆ ಕೂತು ಒಂದು ತುತ್ತು ಬಾಯಿಗೆ ಹಾಕಿಕೊಂಡಳು. “ಚೆಂದಾಗೈತೆ ಕಣವ್ವ” ಅಂದಳು. ಹನ್ನೆರಡು ಗಂಟೆ ತಡವಾಗಿ ಬಂದ ಭೇಷ್! ನನಗೆ ಅವಳ ಮೇಲೇ ರೇಗಿತು.

“ನಮ್ಮೋರು ಈ ತಿಂಗಳು ತರಕಾರಿ ತಿನ್ನಲ್ಲ ಅಂತ ನಿನಗೆ ಗೊತ್ತಿತ್ತಲ್ಲ, ಶನಿವಾರ ಒಂದು ಮಾತು ಹೇಳಬಾರದಿತ್ತಾ?”

ಅವಳು ಬೆರಳು ನೆಕ್ಕುತ್ತಾ ನನ್ನ ಮುಖ ನೋಡಿದಳು. “ಹೇಳಾಕೆ ನಿಮ್ಮನ್ಯಾಗೆ ಯಾರೂ ಇಲ್ಲ ಅಂತ ನನಗೇನ್ ಗೊತ್ತವ್ವ?”

ನಮ್ಮ ಅತ್ತೆ ಈ ಅಂಕಣ ಓದುವುದಿಲ್ಲವಂತೆ. (ವಾರಗಿತ್ತಿ ಪ್ರತಿ ವಾರ ಜೋರಾಗಿ ಓದುತ್ತಾಳೆ; ಅತ್ತೆ ಹೂಬತ್ತಿ ಹೊಸೆಯುತ್ತಾ ‘ಕೇಳಿಸಿಕೊಳ್ಳುವುದಿಲ್ಲ’.) ಹಾಗಾಗಿ ಸ್ವಲ್ಪ ಗಟ್ಟಿಯಾಗಿಯೇ ಬರೆಯುತ್ತಿದ್ದೇನೆ. ಅತ್ತೆ, ನಾನು ವ್ರತ ಬಿಟ್ಟದ್ದಲ್ಲ, ಮರೆತದ್ದು. ಮುಂದಿನ ತಿಂಗಳು ಮೊಸರು ಬಿಡಬೇಕು. ಯಾವತ್ತಿನಿಂದ ಎಂದು ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ಹೇಳುವವರು ಯಾರು?